ಮಸ್ಟಾಂಗ್ ಕೆಳಗಿನ ಕೆಂಪು ಕಲೆ

ಪವರ್ ಸ್ಟೀರಿಂಗ್ ಇರುವ 1960ರ ದಶಕದ ಫೋರ್ಡ್ ಮಸ್ಟಾಂಗನ್ನು ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನೆಲ ನೋಡಿದರೆ ಕೆಂಪು ಎಣ್ಣೆಯ ಕಲೆ ಕಾಣುವುದು ಅಪರೂಪವಲ್ಲ. ಎಂಜಿನ್ ಆಯಿಲ್ ಕಂದು, ಹಳತಾದರೆ ಕಪ್ಪು. ಆದರೆ ಫೋರ್ಡ್ ಕಂಪನಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ‘ಟೈಪ್ ಎಫ್’ ಎಣ್ಣೆಯನ್ನೇ ಸ್ಟೀರಿಂಗಿಗೂ ಗೊತ್ತುಮಾಡಿತ್ತು. ಹಾಗಾಗಿ ಬಣ್ಣವೊಂದನ್ನೇ ನಂಬುವಂತಿಲ್ಲ, ಕಲೆ ಬಿದ್ದ ಜಾಗವನ್ನೂ ನೋಡಬೇಕು. ಮುಂದಿನ ಎಡ ಚಕ್ರದ ಆಸುಪಾಸಿನಲ್ಲಿದ್ದರೆ ಅನುಮಾನ ಸ್ಟೀರಿಂಗಿನ ಮೇಲೆ.

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಪಿಯರ್ಸ್-ಆ್ಯರೋ ಕಾರಿಗೆ, ಎಣ್ಣೆಯ ಒತ್ತಡದ ನೆರವಿನಿಂದ ಚಕ್ರ ತಿರುಗಿಸುವ ಈ ಪವರ್ ಸ್ಟೀರಿಂಗನ್ನು ಅಳವಡಿಸಿ ತೋರಿಸಿದ್ದರು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಓಡಿಸಿದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು; ನಿಂತ ಕಾರಿನ ಸ್ಟೀರಿಂಗ್ ತಿರುಗಿಸಲು ಅಲ್ಲಿ ತೋಳಿನ ಬಲವೇ ಬೇಕು.

ಮಸ್ಟಾಂಗಿನ ವ್ಯವಸ್ಥೆಯಲ್ಲಿ ಬೆಲ್ಟಿನಿಂದ ತಿರುಗುವ ಒಂದು ಪಂಪು, ಸ್ಟೀರಿಂಗ್ ತೋಳಿಗೆ ಸೇರಿದ ಕಂಟ್ರೋಲ್ ವಾಲ್ವ್, ಚಕ್ರಗಳನ್ನು ತಳ್ಳುವ ಒಂದು ಸಿಲಿಂಡರ್, ಇವುಗಳ ನಡುವೆ ನಾಲ್ಕು ಹೋಸುಗಳಿವೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ವಾಲ್ವಿನೊಳಗೆ ಜಾರುವ ಸ್ಪೂಲ್ ಎಂಬ ಸರಳು ಕೂದಲೆಳೆಯಷ್ಟು ಸರಿದು, ಎಣ್ಣೆಯನ್ನು ಸಿಲಿಂಡರಿನ ಒಂದು ಬದಿಗೆ ಬಿಡುತ್ತದೆ. ಪಂಪಿಗೆ ಪೂರ್ತಿ ಹೊರೆ ಬಿದ್ದಾಗ ಒತ್ತಡ ಚದರ ಅಂಗುಲಕ್ಕೆ ಸುಮಾರು 1,000 ಪೌಂಡಿಗೆ ಏರುತ್ತದೆ. ಟೈರಿನ ಗಾಳಿಯ ಒತ್ತಡ 30ರ ಆಸುಪಾಸಿನದು. ಇಷ್ಟು ಒತ್ತಡವನ್ನು ತಡೆದಿಡುವುದು ಕೆಲವು ರಬ್ಬರ್ ಉಂಗುರಗಳು. ಸೋರಿಕೆಯ ಕಥೆಯೆಲ್ಲ ಈ ರಬ್ಬರಿನದೇ.

ಇಂಥ ಉಂಗುರ, ಅಂದರೆ ಓ-ರಿಂಗ್, ಕೆಲಸ ಮಾಡುವ ರೀತಿ ನಿಜಕ್ಕೂ ಜಾಣತನದ್ದು. ತನ್ನ ತೋಡಿನೊಳಗೆ ಅದು ಸ್ವಲ್ಪ ಅಮುಕಿಕೊಂಡೇ ಕೂತಿರುತ್ತದೆ. ಎಣ್ಣೆಯ ಒತ್ತಡ ಏರಿದಂತೆ ಉಂಗುರ ಪಕ್ಕಕ್ಕೆ ಒತ್ತಿಕೊಂಡು ಸಂದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. ಆದರೆ ಇದಕ್ಕೆ ರಬ್ಬರಿನಲ್ಲಿ ಪುಟಿಯುವ ಗುಣ ಉಳಿದಿರಬೇಕು. ಎಂಜಿನ್ನಿನ ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ವರ್ಷಗಟ್ಟಲೆ ಹೊಸ ಬೆಸುಗೆ ಹಾಕುತ್ತಾ ಹೋಗುತ್ತವೆ. ಅದನ್ನು ಮೆದುವಾಗಿ ಇಟ್ಟಿದ್ದ ಪದಾರ್ಥಗಳನ್ನು ಎಣ್ಣೆ ಹೀರಿಕೊಳ್ಳುತ್ತದೆ. ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಉಂಗುರ ಗಡುಸಾಗಿ, ಅಮುಕಿದ ಆಕಾರದಲ್ಲೇ ಚಪ್ಪಟೆಯಾಗಿ ಉಳಿದುಬಿಡುತ್ತದೆ. ಒತ್ತಡ ಇರುವಾಗ ಹೇಗೋ ತಡೆದ ಎಣ್ಣೆ, ಎಂಜಿನ್ ನಿಂತ ಮೇಲೆ ಅದೇ ಸಂದಿನಲ್ಲಿ ಜಿನುಗುವುದು ಇದಕ್ಕೇ.

‘ಸೋರಿಕೆ ನಿಲ್ಲಿಸುವ’ ಬಾಟಲಿ ದ್ರಾವಣಗಳು ಮಾಡುವುದು ಇಷ್ಟೇ: ಗಡುಸಾದ ರಬ್ಬರನ್ನು ಉಬ್ಬಿಸಿ ಮೆದು ಮಾಡುವುದು. ಕೆಲವು ದಿನ ಕಲೆ ಕಾಣದಿರಬಹುದು. ಆದರೆ ಹರಿದ ಸೀಲನ್ನಾಗಲಿ, ಗೀರು ಬಿದ್ದ ಶಾಫ್ಟನ್ನಾಗಲಿ ಅವು ಸರಿಮಾಡಲಾರವು; ಅತಿಯಾಗಿ ಉಬ್ಬಿದ ರಬ್ಬರ್ ಬೇಗ ಸವೆಯುತ್ತದೆ. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಈ ದಾರಿ ಹಿಡಿಯಬಾರದು ಎಂದೇ ನನ್ನ ಅಭಿಪ್ರಾಯ. ಇನ್ನೂ ಕೆಟ್ಟದ್ದು ಸಿಕ್ಕಿದ ಎಣ್ಣೆ ಸುರಿಯುವುದು. ಸ್ಟೀರಿಂಗಿನ ನೈಟ್ರೈಲ್ ರಬ್ಬರ್ ಖನಿಜ ತೈಲವನ್ನು ತಾಳಿಕೊಳ್ಳುತ್ತದೆ, ಬ್ರೇಕ್ ಆಯಿಲಿನಲ್ಲಿ ಕೆಡುತ್ತದೆ. ಬ್ರೇಕಿನ ರಬ್ಬರಿನ ಗುಣ ಇದಕ್ಕೆ ತದ್ವಿರುದ್ಧ. ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರು 1960ರ ದಶಕದ ಉತ್ತರಾರ್ಧದಲ್ಲಿ ಕೆಂಪು ದ್ರವ ಬಿಟ್ಟು ಹಸಿರು ಖನಿಜ ತೈಲಕ್ಕೆ ಬದಲಾಯಿತು. ಕೆಂಪು ದ್ರವದ ಕಾರಿಗೆ ಹಸಿರನ್ನೋ, ಹಸಿರಿನ ಕಾರಿಗೆ ಕೆಂಪನ್ನೋ ಹಾಕಿದರೆ ಆ ಕಾರಿನ ಸೀಲುಗಳೆಲ್ಲ ಹಾಳು.

ಸೋರುವ ಜಾಗ ಹುಡುಕುವಾಗ ಮೊದಲು ಎಲ್ಲವನ್ನೂ ತೊಳೆದು ಒರೆಸಬೇಕು. ಎಣ್ಣೆ ತೊಟ್ಟಿಕ್ಕುವುದು ತಗ್ಗಿನಲ್ಲಿ, ಹೊರಡುವುದು ಬೇರೆಲ್ಲೋ. ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ಅತಿನೇರಳೆ ದೀಪ ಹಿಡಿದರೆ ಮೂಲ ಎದ್ದು ಕಾಣುತ್ತದೆ. ಎಂಜಿನ್ ಓಡುತ್ತಿರುವಾಗ ಹೋಸನ್ನು ಬೆರಳಿನಿಂದ ತಡವಲೇಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು.

ಮಸ್ಟಾಂಗಿನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಕಂಟ್ರೋಲ್ ವಾಲ್ವ್. ಅದನ್ನು ಬಿಚ್ಚಿ ಸೀಲ್ ಕಿಟ್ ಹಾಕುವಾಗ ಪುಡಿ, ದಾರದೆಳೆ ಏನೂ ಒಳಗೆ ಉಳಿಯಬಾರದು. ಹೊಸ ಸೀಲಿನ ತುಟಿಗೆ ಅದೇ ಎಣ್ಣೆ ಸವರಿಯೇ ಕೂರಿಸಬೇಕು. ಸಿಲಿಂಡರಿನ ಸರಳಿನ ಮೇಲೆ ಉಗುರಿಗೆ ತಗಲುವ ಗೀರಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ. ಸ್ಪೂಲ್ ನಟ್ಟನಡುವೆ ನಿಂತಿರುವುದೂ ಮುಖ್ಯ. ಅದರ ನಟ್ಟಿನ ಹೊಂದಾಣಿಕೆ ತಪ್ಪಿದರೆ, ಮುಂದಿನ ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿದೊಡನೆ ಸ್ಟೀರಿಂಗ್ ತಾನೇ ಒಂದು ಕಡೆಗೆ ತಿರುಗಿಬಿಡುತ್ತದೆ.

ಕೊನೆಯ ಕೆಲಸ ಗಾಳಿ ತೆಗೆಯುವುದು. ಎಣ್ಣೆಯನ್ನು ಅಮುಕಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ಗುಳ್ಳೆ ಸೇರಿದ ಎಣ್ಣೆ ಬಲವನ್ನು ಸರಿಯಾಗಿ ಸಾಗಿಸದೆ ಪಂಪನ್ನು ಅರಚಿಸುತ್ತದೆ. ಚಕ್ರ ಎತ್ತಿಟ್ಟು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಿರಬೇಕು. ತುದಿಯಲ್ಲಿ ಹಿಡಿದು ನಿಲ್ಲಿಸಿದರೆ ಒತ್ತಡ ಗರಿಷ್ಠಕ್ಕೇರಿ ಎಣ್ಣೆ ಕಾಯುತ್ತದೆ. ನೊರೆ ಅಡಗಿದ ಮೇಲೆ ಮಟ್ಟ ನೋಡಿ ಎಣ್ಣೆ ತುಂಬಿಸಿ, ಕಾರು ಸ್ವಲ್ಪ ಓಡಿದ ನಂತರ ಹೋಸಿನ ಜೋಡಣೆಗಳನ್ನು ಇನ್ನೊಮ್ಮೆ ಒರೆಸಿ ನೋಡಬೇಕು.