ನಮ್ಮ ಹೊಳೆಯ ಪ್ರಶ್ನೆ ಹೊತ್ತು ಕಡಲಾಚೆಗೆ: ವಿಪತ್ತು ನಿರ್ವಹಣೆಯ ವಿದೇಶ ಅಧ್ಯಯನ ಪ್ರವಾಸ

ವಿದೇಶ ಪ್ರವಾಸದ ಮೊದಲ ದಿನದ ಪಾಠ ಎಲ್ಲಿ ಆಗಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಊರು: ಮಹಾಕೂಟ. ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿದು ಬೆಳಿಗ್ಗೆ ಹೊರಟರೆ ಬಿಸಿಲೇರುವುದರೊಳಗೆ ತಲುಪಬಹುದು. ಅಲ್ಲಿ ಗುಡಿಗಳ ನಡುವೆ ವಿಷ್ಣು ಪುಷ್ಕರಿಣಿ ಇದೆ. ಗುಡ್ಡದ ಒರತೆಯಿಂದ ನೀರು ಸದ್ದಿಲ್ಲದೆ ಒಳಗೆ ಬರುತ್ತದೆ, ಹೆಚ್ಚಾದದ್ದು ಹೊರಗೆ ಹರಿದುಹೋಗುತ್ತದೆ. ಈಜುವ ಹುಡುಗರು ಎಷ್ಟು ಧುಮುಕಿದರೂ ಅಲೆ ಅಡಗಿದ ಮೇಲೆ ನೀರು ಮತ್ತೆ ಅದೇ ಮೆಟ್ಟಿಲಿಗೆ ನಿಲ್ಲುತ್ತದೆ. ಪ್ರವಾಸಕ್ಕೆ ಹೊರಟ ಶಿಬಿರಾರ್ಥಿಗಳನ್ನು ಆ ಮೆಟ್ಟಿಲ ಮೇಲೆ ಕೂರಿಸಿ, ಒಂದು ತಾಸು ಮಾತಾಡದೆ ನೋಡಿದ್ದನ್ನು ಬರೆಯಿರಿ ಎನ್ನಬೇಕು. ನೀರು ಎಷ್ಟು ಬರುತ್ತಿದೆ? ಎಷ್ಟು ಹೋಗುತ್ತಿದೆ? ಮಟ್ಟ ಯಾಕೆ ಬದಲಾಗುತ್ತಿಲ್ಲ? ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನವೂ ಓದುವ ‘ಒಳಹರಿವು’, ‘ಹೊರಹರಿವು’ ಎಂಬ ಎರಡು ಪದ ಅಲ್ಲಿ ಕಣ್ಣೆದುರಿಗೆ ನಿಲ್ಲುತ್ತವೆ. ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚಾದರೆ ಮಟ್ಟ ಏರುತ್ತದೆ. ಪುಷ್ಕರಿಣಿಗೂ ಇದೇ ಲೆಕ್ಕ, ಜಲಾಶಯಕ್ಕೂ ಇದೇ ಲೆಕ್ಕ.

ಕಣ್ಣಿಟ್ಟು ನೋಡಿ ಬರೆದುಕೊಳ್ಳುವ ಈ ಅಭ್ಯಾಸ ಇಲ್ಲದೆ ವಿಮಾನ ಹತ್ತಿದವರು ಫೋಟೊ ತರುತ್ತಾರೆ, ಪಾಠ ತರುವುದಿಲ್ಲ.

ಮೊದಲು ನಾಲ್ಕು ಮಾತು

ಸಮುದಾಯ ತನ್ನ ಶಕ್ತಿಯಿಂದಲೇ ನಿಭಾಯಿಸಲಾರದಷ್ಟು ಸಾವು, ನೋವು, ನಷ್ಟ ತರುವ ಘಟನೆ ವಿಪತ್ತು. ಅದಕ್ಕೆ ಮುಂಚಿನ ತಯಾರಿ, ಆಗಿನ ರಕ್ಷಣೆ, ಆಮೇಲಿನ ಪುನರ್ವಸತಿ ಮೂರೂ ಸೇರಿ ವಿಪತ್ತು ನಿರ್ವಹಣೆ. ನಮ್ಮ ದೇಶದಲ್ಲಿ ಇದಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಚೌಕಟ್ಟಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ರಾಜ್ಯದಲ್ಲಿ ತರಬೇತಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ. ಮಳೆ, ಹವಾಮಾನದ ಮಾಹಿತಿಗೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಈ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹಬ್ಬಿವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೆರೆ ಬರುವುದು ಎಲ್ಲಿಂದ?

ಬಾದಾಮಿ, ಹುನಗುಂದ, ಇಳಕಲ್ಲ ಕಡೆಯವರು ಬರದ ಮಕ್ಕಳು. ಮುಗಿಲು ನೋಡಿ ಜೋಳ ಬಿತ್ತುವ ಸೀಮೆ ಇದು. ಹೀಗಾಗಿ “ಇಲ್ಲಿ ಮಳಿನ ಇಲ್ಲ, ಹೊಳಿ ಹ್ಯಾಂಗ ಬರತೈತಿ?” ಎಂಬ ಮಾತು ಪ್ರತಿ ಶಿಬಿರದಲ್ಲೂ ಬರುತ್ತದೆ. ನಮ್ಮ ನೆರೆ ನಮ್ಮ ಮುಗಿಲಿನದಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಹೊದರಿನಲ್ಲಿ. ಅಲ್ಲಿ ಸುರಿದದ್ದು ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಅದು ತುಂಬಿದ ಮೇಲೆ ಬಂದ ನೀರು ಕೊಣ್ಣೂರು, ಗೋವನಕೊಪ್ಪ, ಚೊಳಚಗುಡ್ಡ, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಸಾಮಾನ್ಯರು ಎಡವುವುದು ಇನ್ನೊಂದು ಕಡೆ. ಡ್ಯಾಮಿನ ಗೇಟು ಮುಚ್ಚಿದ್ದರೆ ನಮಗೆ ಭಯವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಬೆಣ್ಣೆಹಳ್ಳ ಮಲಪ್ರಭೆಗೆ ಕೂಡುವುದು ಅಣೆಕಟ್ಟೆಯ ಕೆಳಗೆ. ಧಾರವಾಡ, ಗದಗ ಕಡೆಯ ಕಪ್ಪು ನೆಲದ ಮೇಲೆ ಜೋರು ಮಳೆಯಾದರೆ, ಅಣೆಕಟ್ಟೆಯ ಗೇಟು ಒಂದಿಂಚೂ ಎತ್ತದೆ ಬಾದಾಮಿ ತಾಲ್ಲೂಕಿನ ದಂಡೆಗೆ ನೀರು ಏರಬಹುದು. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ಹೊಳೆ ದಂಡೆಯವರಿಗೆ ಹೇಳಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ ಇನ್ನೂ ಜನರ ಬಾಯಲ್ಲಿದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ಬಂತು.

ಕ್ಯೂಸೆಕ್ ಬೇರೆ, ಟಿಎಂಸಿ ಬೇರೆ

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ, ಇಷ್ಟು ತಿಳಿದರೆ ಅರ್ಧ ನೆರೆ ತಿಳಿದಂತೆ. ಟಿಎಂಸಿ ಎಂದರೆ ನಿಂತ ನೀರಿನ ಅಳತೆ: 100 ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಓಡುವ ನೀರಿನ ಅಳತೆ: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ನಮ್ಮ ಮನೆಯ ಎರಡು ಕೊಡ ನೀರು ಪ್ರತಿ ಸೆಕೆಂಡಿಗೆ ಸುರಿದಂತೆ. ಎರಡನ್ನೂ ಬೆಸೆಯುವ ಸಂಖ್ಯೆ ಒಂದುಂಟು: 11,574 ಕ್ಯೂಸೆಕ್ ಹರಿವು ಒಂದು ಇಡೀ ದಿನ ನಿಲ್ಲದೆ ಬಂದರೆ ಒಂದು ಟಿಎಂಸಿ. ಹಾಗಾದರೆ ಒಂದು ಲಕ್ಷ ಕ್ಯೂಸೆಕ್ ಒಳಹರಿವು ಎಂದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ಹೆಚ್ಚು. ಸುಮಾರು 37 ಟಿಎಂಸಿಯ ನವಿಲುತೀರ್ಥ ಪೂರಾ ಬರಿದಾಗಿದ್ದರೂ ನಾಲ್ಕೈದು ದಿನಗಳಲ್ಲಿ ತುಂಬಿಬಿಡುತ್ತದೆ. ಮೊದಲೇ ಮುಕ್ಕಾಲು ತುಂಬಿದ್ದರೆ? ಈ ಭಾಗಾಕಾರವನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಯಾರು ಬೇಕಾದರೂ ಮಾಡಬಹುದು.

ವಿದೇಶದಲ್ಲಿ ಲೆಕ್ಕ ಘನ ಮೀಟರಿನಲ್ಲಿರುತ್ತದೆ. ಒಂದು ಘನ ಮೀಟರ್ ಎಂದರೆ ಸುಮಾರು 35.3 ಘನ ಅಡಿ. ಈ ಒಂದು ಸಂಖ್ಯೆ ಜೇಬಿನಲ್ಲಿದ್ದರೆ ಸೋಜಿಗ ಕಾದಿದೆ. ನೆದರ್ಲೆಂಡ್ಸಿನವರು ರೈನ್ ನದಿಯ ನೆರೆಗೆ ಕೈಗೊಂಡ ‘ನದಿಗೆ ಜಾಗ’ ಯೋಜನೆಯಲ್ಲಿ ಹಿಡಿದ ಲೆಕ್ಕ, ನದಿ ಅವರ ದೇಶದೊಳಗೆ ಬರುವಲ್ಲಿ ಸೆಕೆಂಡಿಗೆ 16,000 ಘನ ಮೀಟರ್. 35.3ರಿಂದ ಗುಣಿಸಿ ನೋಡಿ: ಸುಮಾರು 5 ಲಕ್ಷ 65 ಸಾವಿರ ಕ್ಯೂಸೆಕ್. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯಿಂದ ಬಿಟ್ಟದ್ದು 5 ಲಕ್ಷ ಕ್ಯೂಸೆಕ್‌ಗೂ ಮೀರಿ. “ಅವರದು ದೊಡ್ಡ ದೇಶದ ದೊಡ್ಡ ಹೊಳೆ, ನಮ್ಮದು ಬ್ಯಾರೆ” ಎನ್ನುವ ಮಾತು ಇಲ್ಲಿಗೆ ಮುಗಿಯಿತು. ಅವರ ಕೆಟ್ಟ ಕನಸಿನಷ್ಟು ನೀರನ್ನು ನಮ್ಮ ಕೃಷ್ಣೆ ಕಣ್ಣಾರೆ ತೋರಿಸಿದ್ದಾಳೆ.

ಹೊತ್ತೊಯ್ಯಬೇಕಾದ ಪ್ರಶ್ನೆ

ವಿದೇಶಕ್ಕೆ ಹೋಗುವುದು ಯಂತ್ರ ನೋಡಲು ಎಂಬುದು ಅತಿ ದೊಡ್ಡ ತಪ್ಪು ತಿಳಿವಳಿಕೆ. ಸೈರನ್, ಡ್ರೋನ್, ರಬ್ಬರ್ ದೋಣಿಗಳ ಪಟ್ಟಿ ಹಿಡಿದು ಬರುವವರನ್ನು ಬಹಳ ನೋಡಿದ್ದೇನೆ. ಆದರೆ ಮಳೆ ಅಳೆಯುವ ಯಂತ್ರ ನಮ್ಮ ಪಂಚಾಯಿತಿಯಲ್ಲೇ ಇದೆ ಎಂದು ಆಗಲೇ ಹೇಳಿದೆನಲ್ಲ! ಕೊರತೆ ಇರುವುದು ಬೇರೆ ಕಡೆ.

ಮಲಪ್ರಭೆ ದಂಡೆಯ ಒಂದು ಊರಿನಲ್ಲಿ ಶಿಬಿರಾರ್ಥಿಗಳೊಂದಿಗೆ ಮನೆಮನೆ ತಿರುಗುತ್ತಿದ್ದೆ. ಗೋದಲಿಯ ಪಕ್ಕ ಕುಳಿತು ಎಮ್ಮೆಗೆ ಕಣಿಕೆ ಮುರಿದು ಹಾಕುತ್ತಿದ್ದ ಅಜ್ಜಿಯೊಬ್ಬರನ್ನು “ಯವ್ವಾ, ನೆರೆ ಬರುತ್ತೆ ಅಂತ ನಿಮಗೆ ಮೊದಲೇ ಸುದ್ದಿ ಬಂದಿತ್ತಾ?” ಎಂದು ಕೇಳಿದೆವು. ಅವರು ಕೈ ನಿಲ್ಲಿಸಲಿಲ್ಲ. “ಸುದ್ದಿ ಬಂದಿತ್ತೋ ಯಪ್ಪಾ. ಆದ್ರ ದನಾ ಹೊಡಕೊಂಡು ಎಲ್ಲಿಗಿ ಹೋಗೂದು ಅಂತ ಯಾರೂ ಹೇಳಲಿಲ್ಲ” ಎಂದರು. ಇಡೀ ಶಾಸ್ತ್ರ ಆ ಒಂದು ಮಾತಿನಲ್ಲಿದೆ. ಸುದ್ದಿ ತಲುಪಿದರೆ ಸಾಲದು, ಸುದ್ದಿಯೊಳಗೆ ದಾರಿ ಇರಬೇಕು.

ಇದನ್ನು ಹೊತ್ತಿನ ಲೆಕ್ಕಕ್ಕೆ ಇಳಿಸೋಣ. ನೀರು ಮೇಲಿನಿಂದ ನಿಮ್ಮ ಊರಿಗೆ ಬರಲು 14 ಗಂಟೆ ಬೇಕು ಎಂದಿಟ್ಟುಕೊಳ್ಳಿ. ಇದು ಉದಾಹರಣೆಗಷ್ಟೆ, ಪ್ರತಿ ಊರೂ ತನ್ನ ಲೆಕ್ಕ ತಾನೇ ಕಟ್ಟಿಕೊಳ್ಳಬೇಕು. ಕಚೇರಿಯಲ್ಲಿ ತೀರ್ಮಾನಕ್ಕೆ ಮೂರು ಗಂಟೆ, ತಾಲ್ಲೂಕಿನಿಂದ ಊರಿಗೆ ಸುದ್ದಿ ಬರಲು ಎರಡು, ಓಣಿ ಓಣಿಗೆ ಡಂಗುರ ಸಾರಲು ಒಂದು, ಜನ ನಂಬಲು ಇನ್ನೆರಡು. ಉಳಿದದ್ದು ಆರು. ಆ ಆರರಲ್ಲಿ ದನಕರು, ಜೋಳದ ಚೀಲ, ಹಾಸಿಗೆ ಹಿಡಿದ ಮುದುಕರು, ಬಾಣಂತಿಯರು. ಕಮತಗಿ ಕಡೆಯ ನೇಕಾರರ ಮನೆಯಾದರೆ ನೀರು ಮೊದಲು ಇಳಿಯುವುದೇ ಕುಣಿ ಮಗ್ಗದ ಕುಣಿಗೆ. ಹಾಸು ಬಿಚ್ಚಿ ಎತ್ತಿಡಲು ಅವರಿಗೆ ಬೇರೆಯೇ ಹೊತ್ತು ಬೇಕು. ಹೊಳೆಯ ವೇಗವನ್ನು ನಾವು ತಗ್ಗಿಸಲಾರೆವು. ತೀರ್ಮಾನ, ಸುದ್ದಿ, ನಂಬಿಕೆ ಈ ಮೂರರ ಹೊತ್ತನ್ನು ತಗ್ಗಿಸಬಹುದು. ಹೇಗೆ? ತಂಡ ಹೊತ್ತೊಯ್ಯಬೇಕಾದ ಪ್ರಶ್ನೆ ಇದೊಂದೇ.

ಯಾವ ದೇಶಕ್ಕೆ, ಏನು ನೋಡಲು?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಇರುವುದು ಶ್ರೀಮಂತ ದೇಶದಲ್ಲೇ ಎಂದೇನಿಲ್ಲ. 1970ರ ನವೆಂಬರ್‌ನ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆ ನೋವಿನಿಂದ ಹುಟ್ಟಿದ ಚಂಡಮಾರುತ ಸಿದ್ಧತಾ ಕಾರ್ಯಕ್ರಮದಲ್ಲಿ ಇಂದು 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ, ಅವರಲ್ಲಿ ಸುಮಾರು ಅರ್ಧ ಹೆಣ್ಣುಮಕ್ಕಳು. ಅವರ ಸಲಕರಣೆ ಧ್ವನಿವರ್ಧಕ, ಕೈಯಿಂದ ತಿರುಗಿಸುವ ಸೈರನ್, ಬಾವುಟ. ಅಪಾಯ ಏರಿದಂತೆ ಒಂದು, ಎರಡು, ಮೂರು ಬಾವುಟ. ಓದು ಬಾರದವರಿಗೂ ತಿಳಿಯುತ್ತದೆ. ಹೇಳುವವರು ಅದೇ ಓಣಿಯವರಾದ್ದರಿಂದ ಜನ ನಂಬಲು ತಡವಾಗುವುದಿಲ್ಲ. ಸಾವಿನ ಸಂಖ್ಯೆ ಅಲ್ಲಿ ದಶಕದಿಂದ ದಶಕಕ್ಕೆ ಇಳಿದುದರಲ್ಲಿ ಆಶ್ರಯ ಕಟ್ಟಡಗಳ ಜೊತೆಗೆ ಈ ನೆರೆಹೊರೆಯ ಪಾಲೂ ಇದೆ.

ನೆದರ್ಲೆಂಡ್ಸಿನಲ್ಲಿ ನೋಡಬೇಕಾದದ್ದು ಒಡ್ಡಿನ ಎತ್ತರವಲ್ಲ, ಹಿಂದೆ ಸರಿದ ಒಡ್ಡು. ನೈಮೇಖನ್ ನಗರದ ಎದುರು ದಂಡೆಯಲ್ಲಿ ಒಡ್ಡನ್ನು 350 ಮೀಟರ್ ಒಳಕ್ಕೆ ಸರಿಸಿ ನದಿಗೆ ಜಾಗ ಬಿಟ್ಟರು. ಓವರ್‌ಡೀಪ್ಸೆ ಎಂಬ ತಗ್ಗು ಪ್ರದೇಶದ ರೈತರು, ನೆರೆ ಬಂದಾಗ ಹೊಲ ಮುಳುಗಲಿ, ಮನೆ ಮತ್ತು ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟೋಣ ಎಂದು ತಾವೇ ಸೂಚಿಸಿದರು. ಹಾಗೆಯೇ ಆಯಿತು. ಇದನ್ನು ನೋಡುವಾಗ ನೆರೆ ಸಂತ್ರಸ್ತರಿಗೆ ಕಟ್ಟಿಕೊಟ್ಟ ನಮ್ಮ ಆಸರೆ ಮನೆಗಳು ನೆನಪಾಗಬೇಕು. 2009ರ ನಂತರ ಊರುಗಳನ್ನು ಎತ್ತರಕ್ಕೆ ಸರಿಸಿದರೂ ಎಷ್ಟೋ ಕುಟುಂಬಗಳು ಹಳೆಯ ಊರು ಬಿಡಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ. ಮನೆ ಎಂದರೆ ನಾಲ್ಕು ಗೋಡೆಯಲ್ಲ, ಬದುಕಿನ ಜೋಡಣೆ ಎಂಬುದನ್ನು ಆ ರೈತರೂ ಹೇಳುತ್ತಾರೆ, ನಮ್ಮವರೂ ಹೇಳುತ್ತಾರೆ.

ಜಪಾನಿನ ಕೋಬೆ ಮತ್ತು ಸುತ್ತಲಿನ ಪ್ರದೇಶದಲ್ಲಿ 1995ರ ಜನವರಿ 17ರ ಮುಂಜಾನೆಯ ಭೂಕಂಪದಿಂದ 6,434 ಜನ ಸತ್ತರು. ಅವಶೇಷಗಳಡಿಯಿಂದ ಜೀವಂತ ಹೊರಬಂದವರಲ್ಲಿ ಬಹುಪಾಲು ಜನರನ್ನು ಎತ್ತಿದ್ದು ಮನೆಯವರು, ನೆರೆಯವರು. ಈಗ ಕೋಬೆಯ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಬದುಕುಳಿದವರೇ ತಮ್ಮ ಅನುಭವ ಹೇಳುತ್ತಾರೆ. ಏಷ್ಯಾದ ದೇಶಗಳಿಗಾಗಿ 1998ರಲ್ಲಿ ಸ್ಥಾಪಿಸಿದ ಏಷ್ಯನ್ ಡಿಸಾಸ್ಟರ್ ರಿಡಕ್ಷನ್ ಸೆಂಟರ್ ಕೂಡ ಅದೇ ಊರಿನಲ್ಲಿದೆ.

ಒಂದು ಪ್ರವಾಸಕ್ಕೆ ಒಂದೇ ದೇಶ ಸಾಕು. ಹತ್ತು ದಿನದಲ್ಲಿ ಮೂರು ದೇಶ ಸುತ್ತಿದವರಿಗೆ ವಿಮಾನ ನಿಲ್ದಾಣಗಳಷ್ಟೇ ನೆನಪಿರುತ್ತವೆ.

ತಂಡ, ಕಾಗದಪತ್ರ, ಕಾಲ

ತಂಡ ಹನ್ನೆರಡು ಜನರದಿರಲಿ, ಎಲ್ಲರೂ ಅಧಿಕಾರಿಗಳೇ ಆಗಬಾರದು. ಕಂದಾಯ ಇಲಾಖೆಯವರು, ಅಣೆಕಟ್ಟೆಯ ಎಂಜಿನಿಯರ್, ಅಗ್ನಿಶಾಮಕ ಸಿಬ್ಬಂದಿ, ಪಿಡಿಒ, ಆಶಾ ಕಾರ್ಯಕರ್ತೆ, ಪಶುವೈದ್ಯರು, ಹೊಳೆ ಬಲ್ಲ ಅಂಬಿಗರೊಬ್ಬರು, ನೇಕಾರರೊಬ್ಬರು ಇರಲಿ. ಅಂಬಿಗರು ಕೇಳುವ ಪ್ರಶ್ನೆಯನ್ನು ಎಂಜಿನಿಯರ್ ಕೇಳಲಾರರು.

ಪಾಸ್‌ಪೋರ್ಟ್ ಕೆಲಸ ಆರು ತಿಂಗಳ ಮೊದಲೇ ಶುರುವಾಗಬೇಕು. ಹತ್ತನೆಯ ತರಗತಿ ಪಾಸಾಗದವರು ಹೋಗುವಂತಿಲ್ಲ ಎಂಬುದು ಸುಳ್ಳು. ಅವರ ಪಾಸ್‌ಪೋರ್ಟಿನ ವಲಸೆ ತಪಾಸಣೆಯ ಷರತ್ತು ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಮಾತ್ರ ಅನ್ವಯಿಸುತ್ತದೆ. ಸರ್ಕಾರಿ ನೌಕರರಿಗೆ ಇಲಾಖೆಯ ಅನುಮತಿ, ವಿದೇಶಾಂಗ ಸಚಿವಾಲಯದ ಒಪ್ಪಿಗೆ ಬೇಕು. ಊಟ, ವಸತಿ, ಟಿಕೆಟ್ ಖರ್ಚನ್ನು ವಿದೇಶಿ ಸಂಸ್ಥೆ ಭರಿಸುವುದಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿಯೂ ಬೇಕು. ಪಂಚಾಯಿತಿಯ ಚುನಾಯಿತ ಸದಸ್ಯರಿಗೂ ಇದು ಅನ್ವಯಿಸುತ್ತದೆ ಎಂಬುದು ಹಲವರಿಗೆ ಕೊನೇ ಗಳಿಗೆಯಲ್ಲಿ ತಿಳಿಯುತ್ತದೆ. ವಿಮೆ ಕಡ್ಡಾಯವೆಂದೇ ತಿಳಿಯಿರಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ತಂಡ ಊರು ಬಿಡಕೂಡದು, ಆಗ ಅವರು ಬೇಕಾಗಿರುವುದು ಇಲ್ಲಿ. ಜನವರಿ 17ಕ್ಕೆ ಕೋಬೆ ತನ್ನ ಸತ್ತವರನ್ನು ನೆನೆಯುತ್ತದೆ. ಮಾರ್ಚ್ 10 ಬಾಂಗ್ಲಾದೇಶದ ವಿಪತ್ತು ಸಿದ್ಧತಾ ದಿನ. ರೈನ್‌ಗೆ ನೀರೇರುವ ಕಾಲ ಸಾಮಾನ್ಯವಾಗಿ ಚಳಿಗಾಲ. ನಮ್ಮ ಬಿಡುವು, ಅವರ ಪಾಠ, ಎರಡೂ ಕೂಡಿಬರುವ ತಿಂಗಳುಗಳಿವು. ದುಭಾಷಿಯ ಮೂಲಕ ನಡೆಯುವ ಒಂದು ತಾಸಿನ ಮಾತು ಅರ್ಧ ತಾಸಿನ ಮಾತಷ್ಟೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ ಎರಡು ಭೇಟಿ, ಸಂಜೆ ಎಲ್ಲರೂ ಕೂತು ಬರೆಯುವುದು. ಅಷ್ಟೇ.

ಮರಳಿದ ಮೇಲೆ ವರದಿ ಹದಿನೈದು ದಿನದಲ್ಲಿ, ಒಂದು ಊರಿನಲ್ಲಿ ಅಣಕು ಕಾರ್ಯಾಚರಣೆ ಮೇ ಮುಗಿಯುವುದರೊಳಗೆ. ಅದರಲ್ಲಿ ದನಗಳನ್ನೂ ಹೊಡೆದುಕೊಂಡು ಹೋಗಬೇಕು. ದನ ಎಲ್ಲಿ ನಿಲ್ಲುತ್ತವೆ, ಮೇವು ಯಾರು ತರುತ್ತಾರೆ ಎಂಬುದು ತೀರ್ಮಾನವಾಗದ ಹೊರತು ಆ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ.

ಸಾರಾಂಶ, ಜೊತೆಗೆ ಒಂದು ಬೇಡಿಕೆ

ನಮ್ಮ ಹೊಳೆ ತಿಳಿದು ಹೋಗಿ. ಒಂದೇ ಪ್ರಶ್ನೆ ಹೊತ್ತು ಹೋಗಿ. ಯಂತ್ರವಲ್ಲ, ರೂಢಿ ತನ್ನಿ. ಈ ಅಧ್ಯಾಯದ ಸಾರ ಇಷ್ಟೇ. ಉಳಿದದ್ದು ನೀವು ಓದಿ ಮುಂದುವರಿಸಬೇಕಾದದ್ದು, ಅದಕ್ಕೊಂದು ಕೆಲಸ ಹಚ್ಚುತ್ತೇನೆ.

ಜಪಾನಿನ ಈಶಾನ್ಯ ಕರಾವಳಿಯಲ್ಲಿ ಅನೆಯೋಶಿ ಎಂಬ ಪುಟ್ಟ ಊರಿದೆ. 1933ರ ಸುನಾಮಿಯ ನಂತರ ಅಲ್ಲಿಯ ಹಿರಿಯರು ಇಳಿಜಾರಿನಲ್ಲಿ ಒಂದು ಕಲ್ಲು ನೆಟ್ಟು, ಇದರ ಕೆಳಗೆ ಯಾರೂ ಮನೆ ಕಟ್ಟಬಾರದೆಂದು ಬರೆಸಿದರು. ಊರು ಆ ಮಾತು ಮೀರಲಿಲ್ಲ. 2011ರ ಸುನಾಮಿ ಆ ಕಲ್ಲಿನ ಕೆಳಗೇ ನಿಂತಿತು, ಮನೆಗಳು ಉಳಿದವು.

ಕಲ್ಲಿನಲ್ಲಿ ಬರೆಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿದ ಸುದ್ದಿ ಕೊರೆಸಿದ. ಅವನ ಮಗ ಮಂಗಳೇಶನ ಶಾಸನಸ್ತಂಭ ನಿಂತಿದ್ದದ್ದು ಇದೇ ಮಹಾಕೂಟದಲ್ಲಿ, ಇಂದು ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ದೇಶಗಳಿಗೆ ಹೋಗುತ್ತದೆ. ಆ ಕಲ್ಲಿನದೇ ಒಂದೊಂದು ಕಂಬ ಮಲಪ್ರಭೆ ದಂಡೆಯ ಪ್ರತಿ ಊರಿನಲ್ಲಿ ನಿಲ್ಲಲಿ. 2009ರ ನೀರು ಎಲ್ಲಿಗೆ ಬಂದಿತ್ತು, 2019ರದು ಎಲ್ಲಿಗೆ, ದನ ಹೊಡೆದುಕೊಂಡು ಯಾವ ದಾರಿ ಹಿಡಿಯಬೇಕು, ಈ ಮೂರು ಮಾತು ಅದರ ಮೇಲಿರಲಿ. ನೀರು ಬಂದ ಗುರುತು ಹೇಳಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಾಳೆಯೇ ಹೋಗಿ ಕೇಳಿ, ಗೋಡೆಯ ಮೇಲೆ ಅವರು ಕೈ ಇಟ್ಟು ತೋರಿಸಿದಲ್ಲಿ ಗೆರೆ ಎಳೆಯಿರಿ, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಪುಸ್ತಕ ಕೈಯಲ್ಲಿ ಹಿಡಿದು ಹೋದ ತಂಡ ಯಾವ ದೇಶದಿಂದಲೂ ಬರಿಗೈಯಲ್ಲಿ ಬರುವುದಿಲ್ಲ.