ಚರ್ಚಿನ ಹೊಸ್ತಿಲು ದಾಟುವಾಗ

ಕಥೋಲಿಕ ಚರ್ಚನ್ನು ಪ್ರವೇಶಿಸುವಾಗ ಪಾಲಿಸುವ ರೀತಿ ನೀತಿಗಳಿಗೆ ಮುಖ್ಯ ಮೂಲ ಒಂದು ನಂಬಿಕೆ: ಒಳಗಿರುವ ಪರಮ ಪ್ರಸಾದದಲ್ಲಿ, ಅಂದರೆ ಬಲಿಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯಲ್ಲಿ, ಯೇಸುಸ್ವಾಮಿ ಸಾಕ್ಷಾತ್ ನೆಲೆಸಿದ್ದಾರೆ. ಮೈಸೂರು ಜಿಲ್ಲೆಯಲ್ಲಿ ಈ ರೀತಿ ನೀತಿಗಳನ್ನು ಕಣ್ಣಾರೆ ಕಾಣಲು ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಸಂತ ಅಂತೋಣಿಯವರ ದೇವಾಲಯಕ್ಕೆ 2019ರಲ್ಲಿ ಬಸಿಲಿಕಾ ಪದವಿ ದೊರೆಯಿತು. ಜೂನ್ 13ರ ಹಬ್ಬಕ್ಕೆ ಕ್ರೈಸ್ತರ ಜೊತೆಗೆ ಹರಕೆ ಹೊತ್ತ ಹಿಂದೂಗಳೂ ಸೇರುತ್ತಾರೆ.

ಬಾಗಿಲ ಬಳಿಯ ಬಟ್ಟಲಿನಲ್ಲಿ ತೀರ್ಥವಿರುತ್ತದೆ. ಭಕ್ತರು ಅದರಲ್ಲಿ ಬಲಗೈ ಬೆರಳನ್ನು ಅದ್ದಿ ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಇದು ತಾವು ಪಡೆದ ಜ್ಞಾನಸ್ನಾನದ ನೆನಪು.

ಪರಮ ಪ್ರಸಾದವನ್ನು ಇಡುವ ಪೆಟ್ಟಿಗೆಯ ಸಮೀಪ ದೀಪವೊಂದು ಸದಾ ಉರಿಯುತ್ತಿರುತ್ತದೆ. ಆ ಪೆಟ್ಟಿಗೆಗೆ ಎದುರಾಗಿ, ಬೆನ್ನು ನೆಟ್ಟಗಿಟ್ಟು, ಬಲ ಮೊಣಕಾಲನ್ನು ನೆಲಕ್ಕೆ ಊರಿ ಎದ್ದ ನಂತರವೇ ಆಸನಕ್ಕೆ ಹೋಗುವುದು ಕ್ರಮ. ಮೊಣಕಾಲೂರಲು ಆಗದ ವೃದ್ಧರು ತಲೆಬಾಗಿದರೆ ಸಾಕು. ಪೆಟ್ಟಿಗೆ ಇಲ್ಲದ ಕಡೆ ಬಲಿಪೀಠಕ್ಕೆ ತಲೆಬಾಗುತ್ತಾರೆ. ಶುಭ ಶುಕ್ರವಾರದಂದು ಪೆಟ್ಟಿಗೆ ಬರಿದಾಗಿರುತ್ತದೆ. ಅಂದಿನ ಆರಾಧನೆಯಲ್ಲಿ ಶಿಲುಬೆಯನ್ನು ಅನಾವರಣ ಮಾಡಿದ ಮೇಲೆ ಮೊಣಕಾಲೂರುವುದು ಅದರ ಮುಂದೆ.

ಈ ಪಾಶ್ಚಾತ್ಯ ಕ್ರಮದ ಪಕ್ಕದಲ್ಲೇ ನಮ್ಮ ನೆಲದ ಭಕ್ತಿಯ ಭಂಗಿಗಳಿಗೂ ಸ್ಥಾನವಿದೆ. ಪಾದರಕ್ಷೆ ಕಳಚುವುದು, ಅಂಜಲಿಬದ್ಧರಾಗಿ ನಮಸ್ಕರಿಸುವುದು, ಪಂಚಾಂಗ ಪ್ರಣಾಮ, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ವ್ಯಾಟಿಕನ್ ಒಪ್ಪಿಗೆ ಕೊಟ್ಟಿತು. ಇದಕ್ಕಾಗಿ ಶ್ರಮಿಸಿದವರಲ್ಲಿ ಪ್ರಮುಖರು ಡಿ.ಎಸ್. ಅಮಲೋರ್ಪವದಾಸ್. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಮುನ್ನಡೆಸಿದ ಅವರು ಮೈಸೂರಿನಲ್ಲೇ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಇನ್ನು ಚರ್ಚಿನೊಳಗೆ ಹೆಂಗಸರು ತಲೆ ಮುಚ್ಚಿಕೊಳ್ಳಬೇಕೆಂದು 1917ರ ಕಥೋಲಿಕ ಧರ್ಮಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ಆದರೂ ತಲೆ ಮೇಲೆ ಸೆರಗು ಹೊದ್ದು ಪ್ರಾರ್ಥಿಸುವ ರೂಢಿ ಅನೇಕರಲ್ಲಿ ಉಳಿದಿದೆ.

ಮೈ ಮುಚ್ಚುವ ಉಡುಪು, ಸದ್ದು ಮಾಡದ ಮೊಬೈಲು, ತಗ್ಗಿದ ದನಿ ಎಲ್ಲರಿಗೂ ಅನ್ವಯಿಸುವ ಮರ್ಯಾದೆ. ಬಲಿಪೂಜೆ ನಡೆಯುತ್ತಿರುವಾಗ ಅತ್ತಿತ್ತ ಓಡಾಡುವುದು, ಫೋಟೊ ತೆಗೆಯುವುದು ಸಲ್ಲದು. ಅಪ್ಪಣೆಯಿಲ್ಲದೆ ಬಲಿಪೀಠದ ಕಟ್ಟೆ ಹತ್ತಬಾರದು.

ಪರಮ ಪ್ರಸಾದವನ್ನು ಸ್ವೀಕರಿಸುವ ಕಥೋಲಿಕರು ಅದಕ್ಕೆ ಮುನ್ನ ಕನಿಷ್ಠ ಒಂದು ಗಂಟೆ ಉಪವಾಸವಿರಬೇಕು. ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ದೇವಸ್ಥಾನದ ಪ್ರಸಾದದಂತೆ ಇದನ್ನು ಬಂದವರಿಗೆಲ್ಲ ಹಂಚುವುದಿಲ್ಲ. ಅನ್ಯಧರ್ಮೀಯರು ಆ ಹೊತ್ತಿನಲ್ಲಿ ತಮ್ಮ ಜಾಗದಲ್ಲೇ ಕೈಮುಗಿದು ಕುಳಿತರೆ ಅದೇ ಗೌರವ. ಗುರುಗಳು ಕೊನೆಯ ಆಶೀರ್ವಾದ ನೀಡಿ ಬಲಿಪೀಠದಿಂದ ಇಳಿಯುವವರೆಗೆ ಯಾರೂ ಹೊರಡುವುದಿಲ್ಲ.