ಕ್ರಯಪತ್ರಕ್ಕೂ ಮೊದಲು ನಕ್ಷೆ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗುತ್ತದೆ. ಪಹಣಿಯಲ್ಲಿ ಮೂವರು ಮಕ್ಕಳ ಹೆಸರು ಸಾಲಾಗಿ ಬರುತ್ತವೆ, ಪ್ರತಿ ಹೆಸರಿನ ಮುಂದೆ ಒಂದಿಷ್ಟು ಗುಂಟೆಯೂ ಕಾಣುತ್ತದೆ. ಆದರೆ ಯಾರ ಪಾಲು ಬಾವಿಯ ಕಡೆಗಿದೆ, ಯಾರದು ದಾರಿಯ ಕಡೆಗಿದೆ ಎಂದು ಆ ಪಹಣಿ ಹೇಳುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟೋ ಜಮೀನು ಹೀಗೆಯೇ ಉಳಿದಿದೆ. ವಿಸ್ತೀರ್ಣ ದಾಖಲೆಯಲ್ಲಿದೆ, ಗಡಿ ಮಾತ್ರ ಬಾಯಿಮಾತಿನಲ್ಲಿದೆ. ಆ ಮಾತು ಆಡಿದ ಹಿರಿಯರು ಹೋದಮೇಲೆ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಇದಕ್ಕೆ ಕಂದಾಯ ಇಲಾಖೆಯಲ್ಲಿರುವ ಮದ್ದು ಪೋಡಿ. ಭೂಮಾಪಕರು ಸ್ಥಳಕ್ಕೆ ಬಂದು, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಹಳೆಯ ಸರ್ವೆ ದಾಖಲೆಗಳಾದ ಮೂಲ ಟಿಪ್ಪಣಿ ಮತ್ತು ಆಕಾರ್‌ಬಂದ್‌ ಜೊತೆ ತಾಳೆ ನೋಡಿ ಅಳೆಯುತ್ತಾರೆ. ಆಮೇಲೆ ಪ್ರತಿ ಪಾಲಿಗೂ ಬೇರೆ ಹಿಸ್ಸಾ ನಂಬರು ಬೀಳುತ್ತದೆ. ಸರ್ವೆ ನಂಬರು 45 ಇದ್ದದ್ದು 45/1, 45/2, 45/3 ಆಗಿ ಮೂರು ಪಹಣಿಯಾಗುತ್ತದೆ. ಪೋಡಿ ಆಗದ ಜಂಟಿ ಪಹಣಿಯಲ್ಲಿ ಒಬ್ಬರ ಸಾಲ, ಒಬ್ಬರ ಮೇಲಿನ ತಡೆಯಾಜ್ಞೆ ಎಲ್ಲರ ದಾಖಲೆಯಲ್ಲೂ ಕಾಣುತ್ತದೆ. ತಮ್ಮನ ತಕರಾರಿಗೆ ಅಣ್ಣನ ಬೆಳೆಸಾಲ ನಿಂತುಹೋಗುವುದು ಹೀಗೆ.

ಒಂದು ಸರ್ವೆ ನಂಬರಿನ ಭಾಗವನ್ನು ಮಾತ್ರ ಮಾರುವುದಾದರೆ ನೋಂದಣಿಗೆ ಮೊದಲೇ 11ಇ ನಕ್ಷೆ ಆಗಬೇಕು. ಮಾರುವ ತುಂಡು ಎಲ್ಲಿದೆ, ಉಳಿಯುವ ತುಂಡು ಎಷ್ಟು ಎಂಬುದನ್ನು ಗುರುತಿಸುವ ನಕ್ಷೆ ಇದು. ಇದಕ್ಕೆ ಭೂಮಾಪನ ಇಲಾಖೆ ಒಪ್ಪಿಗೆ ಕೊಟ್ಟ ಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಗುತ್ತದೆ. ಅಲ್ಲಿಂದ ಮಾಹಿತಿ ಪಹಣಿ ದಾಖಲೆಗಳಿರುವ ‘ಭೂಮಿ’ ತಂತ್ರಾಂಶಕ್ಕೆ ಹೋಗಿ ಖಾತೆ ಬದಲಾವಣೆ, ಅಂದರೆ ಮ್ಯುಟೇಷನ್‌ ನಡೆಯುತ್ತದೆ. ಈ ಕ್ರಮಕ್ಕೆ ಅರ್ಥವಿದೆ. ಕ್ರಯಪತ್ರ ಬರೆದ ಮೇಲೆ ಅಳತೆಗೆ ಹೊರಟರೆ ಜಮೀನು ಕಡಿಮೆ ಬಂದಾಗ ಯಾರ ಪಾಲಿನಲ್ಲಿ ಕಳೆಯಬೇಕೆಂಬ ಜಗಳ ಶುರುವಾಗುತ್ತದೆ. ಮೊದಲೇ ಅಳೆದರೆ ಆ ಕೊರತೆ ವ್ಯಾಪಾರದ ಮಾತುಕತೆಯಲ್ಲೇ ಬಗೆಹರಿಯುತ್ತದೆ.

ಖರಾಬಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬಂಡೆಯಂಥ ಸಾಗುವಳಿಗೆ ಬಾರದ ಜಾಗ ‘ಅ’ ಖರಾಬು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ ‘ಬ’ ಖರಾಬು. ‘ಬ’ ಖರಾಬು ಸರ್ಕಾರದ್ದು, ಅದನ್ನು ಯಾರೂ ಮಾರುವಂತಿಲ್ಲ. ಪಹಣಿಯ ಒಟ್ಟು ವಿಸ್ತೀರ್ಣವನ್ನಷ್ಟೇ ನೋಡಿ ದುಡ್ಡು ಕೊಟ್ಟವರು ಹಳ್ಳಕ್ಕೂ ಬೆಲೆ ತೆತ್ತಿರುತ್ತಾರೆ.

ಹೊಲ ಸೈಟಾಗುವಾಗ

ಒಂದು ಎಕರೆ ಎಂದರೆ 40 ಗುಂಟೆ, 43,560 ಚದರ ಅಡಿ. 30x40 ಅಳತೆಯ ನಿವೇಶನಗಳಾಗಿ ಕೊಯ್ದರೆ ಲೆಕ್ಕಕ್ಕೆ 36 ಸೈಟು ಸಿಗುತ್ತವೆ. ಆದರೆ ಆ ಲೆಕ್ಕದಲ್ಲಿ ರಸ್ತೆಯಿಲ್ಲ, ಚರಂಡಿಯಿಲ್ಲ, ಮಕ್ಕಳು ಆಡಲು ಜಾಗವಿಲ್ಲ. ಕಾನೂನು ಅಡ್ಡ ಬರುವುದು ಇಲ್ಲೇ.

ಮೊದಲನೆಯದು ಭೂಪರಿವರ್ತನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ವಿಷಯದ್ದು. ಇದನ್ನೇ ಜನ ಡಿಸಿ ಕನ್ವರ್ಷನ್‌ ಎನ್ನುತ್ತಾರೆ. ಎರಡನೆಯದು ಬಡಾವಣೆ ನಕ್ಷೆಗೆ ಮಂಜೂರಾತಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಜಾಗವನ್ನು ನಿವೇಶನಗಳಾಗಿ ವಿಂಗಡಿಸುವವರು ನಕ್ಷೆಯನ್ನು ಯೋಜನಾ ಪ್ರಾಧಿಕಾರದ ಮುಂದೆ ಇಡಲೇಬೇಕು. ಮಂಜೂರಾದ ನಕ್ಷೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಬಿಟ್ಟು, ಸಾರ್ವಜನಿಕ ಬಳಕೆಗೆ ಒಪ್ಪಿಸಬೇಕು. ಡಿಸಿ ಕನ್ವರ್ಷನ್‌ ಆಗಿದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮತಿ ಸಿಕ್ಕಂತಲ್ಲ. ಜಾಹೀರಾತುಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ತೋರಿಸುವುದರಿಂದಲೇ ಹೆಚ್ಚು ಜನ ಮೋಸಹೋಗುತ್ತಾರೆ.

ಜಾಗ 500 ಚದರ ಮೀಟರಿಗಿಂತ, ಅಂದರೆ ಸುಮಾರು ಐದು ಗುಂಟೆಗಿಂತ ಹೆಚ್ಚಿದ್ದರೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯಡಿ ಯೋಜನೆಯ ನೋಂದಣಿಯೂ ಆಗಬೇಕು. ಆ ನಂತರವೇ ಜಾಹೀರಾತು ಮತ್ತು ಮಾರಾಟ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಕ್ರಮಬದ್ಧ ಆಸ್ತಿಯ ದಾಖಲೆಗಳು. 11ಬಿ ಕಂಡರೆ ಅನುಮತಿಯಿಲ್ಲದ ಆಸ್ತಿ ಎಂದು ತಿಳಿದು ಪ್ರಶ್ನೆ ಕೇಳಬೇಕು.

ಈ ಯಾವುದೂ ಇಲ್ಲದೆ ಮಾರಾಟವಾದವೇ ರೆವಿನ್ಯೂ ಸೈಟುಗಳು. ಕೊಂಡವರು ಶ್ರೀಮಂತರಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿದು, ಚೀಟಿ ಕಟ್ಟಿ, ಒಡವೆ ಅಡವಿಟ್ಟು ಸ್ವಂತ ಮನೆಯ ಕನಸು ಕಂಡವರು. ಇಂಥ ಆಸ್ತಿಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಸರ್ಕಾರದ ಅಕ್ರಮ-ಸಕ್ರಮ ಯೋಜನೆಯ ಭರವಸೆಯನ್ನು ನಂಬಿ ಕೂತವರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಎದುರಾಯಿತು. ನಾಳೆ ಸಕ್ರಮ ಆಗುತ್ತದೆ ಎಂಬ ಮಾತನ್ನು ನಂಬಿ ಇವತ್ತು ಹಣ ಕೊಡಬಾರದು. ನೋಂದಣಿಯಾಗಿದೆ ಎಂದು ಧೈರ್ಯ ತಾಳುವುದೂ ಸಲ್ಲದು. ನೋಂದಣಿ ವ್ಯವಹಾರವನ್ನು ದಾಖಲಿಸುತ್ತದೆ. ಅನುಮತಿಯಿಲ್ಲದ ಬಡಾವಣೆಗೆ ಅದು ಅನುಮತಿ ತಂದುಕೊಡುವುದಿಲ್ಲ.

ಕೊಳ್ಳುವವರು ಮುಂಗಡಕ್ಕೂ ಮೊದಲು ಕೇಳಬೇಕಾದ್ದು ಇಷ್ಟು: ಪರಿವರ್ತನೆ ಆದೇಶ, ಪ್ರಾಧಿಕಾರದ ಮೊಹರಿರುವ ಬಡಾವಣೆ ನಕ್ಷೆ, ರೇರಾ ಸಂಖ್ಯೆ, ಇ-ಖಾತೆ, ಋಣಭಾರ ಪತ್ರ. ಆ ನಕ್ಷೆ ಹಿಡಿದು ಜಾಗಕ್ಕೆ ಹೋಗಿ ನಿಮ್ಮ ಸೈಟಿನ ಜೊತೆಗೆ ಉದ್ಯಾನ ಎಲ್ಲಿದೆ ಎಂದೂ ಹುಡುಕಿ. ಜಮೀನಿರುವ ಕುಟುಂಬಗಳು ಹಿರಿಯರು ಇರುವಾಗಲೇ ಪೋಡಿಗೆ ಅರ್ಜಿ ಹಾಕಲಿ. ಸರ್ಕಾರವೂ ಭೂಮಾಪಕರ ಸಂಖ್ಯೆ ಹೆಚ್ಚಿಸಿ ಬಾಕಿ ಅರ್ಜಿಗಳನ್ನು ಮುಗಿಸಲಿ. ಅಳತೆಗೆ ವರ್ಷಗಟ್ಟಲೆ ಕಾಯಬೇಕಾದರೆ ಜನ ಕಾನೂನಿನ ದಾರಿ ಬಿಟ್ಟು ದಲ್ಲಾಳಿಯ ದಾರಿ ಹಿಡಿಯುತ್ತಾರೆ. ಅದರ ನಷ್ಟ ಕೊನೆಗೆ ಬೀಳುವುದು ಬಡವರ ಉಳಿತಾಯದ ಮೇಲೆ.